ಗೌರಿಯ ಮೈಬಿಸಿ: ಒಂದು ಭಾರಿ ಕುದುರೆ, 80 ಕಿಲೋಮೀಟರ್ ದಾರಿ

ಮೊದಲ ತಪಾಸಣೆಯಲ್ಲಿ 68

ಅಕ್ಕ ಗೌರಿಯ ಕತ್ತಿನ ಮೇಲೆ ಒದ್ದೆ ಟವೆಲ್ ಹೊದಿಸಿದ್ದಳು. ಎರಡು ನಿಮಿಷ ಬಿಟ್ಟು ಮುಟ್ಟಿ ನೋಡಿದರೆ ಅದು ಬಿಸಿನೀರಲ್ಲಿ ಅದ್ದಿ ತೆಗೆದ ಹಾಗಿತ್ತು. "ಇವಳ ಮೈ ಇನ್ನೂ ಕಾದ ಹೆಂಚಿನ ಹಾಗಿದೆ ಕಣೋ" ಎಂದಳು. ನಾನು ಮುಂಗಾಲುಗಳ ಒಳಭಾಗಕ್ಕೆ ಸ್ಪಂಜಿನಿಂದ ನೀರು ಹಿಂಡುತ್ತಿದ್ದೆ. ನಾಡಿ ನೋಡುವ ಸ್ವಯಂಸೇವಕಿ ಎಡಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಸ್ಟೆತಾಸ್ಕೋಪ್ ಒತ್ತಿ ಹಿಡಿದು ಗಡಿಯಾರ ನೋಡುತ್ತಿದ್ದಳು.

ಬಂದಾಗ ನಾಡಿ ನಿಮಿಷಕ್ಕೆ 84. ಹತ್ತು ನಿಮಿಷಕ್ಕೆ 76. ಇಪ್ಪತ್ತು ನಿಮಿಷಕ್ಕೆ 72. ಮೂವತ್ತನೇ ನಿಮಿಷಕ್ಕೆ 68.

ಬೇಕಾಗಿದ್ದದ್ದು 60. ಮೂವತ್ತು ನಿಮಿಷದೊಳಗೆ ಅಷ್ಟಕ್ಕೆ ಇಳಿಯದಿದ್ದರೆ ಕುದುರೆ ಈ ದೂರದ ಸವಾರಿಯ ಸ್ಪರ್ಧೆಯಿಂದ ಹೊರಗೆ. ಬೆಳಗ್ಗೆ 9 ಗಂಟೆಯೂ ಆಗಿರಲಿಲ್ಲ. 80 ಕಿಲೋಮೀಟರ್ ದಾರಿಯಲ್ಲಿ ನಾವು ಬಂದಿದ್ದದ್ದು 27. ಗೌರಿ ಕುಂಟುತ್ತಿರಲಿಲ್ಲ, ಕಿವಿ ನೆಟ್ಟಗಿತ್ತು, ಪಕ್ಕದ ಕುದುರೆಯ ಹುಲ್ಲಿಗೆ ಬಾಯಿ ಹಾಕಲು ನೋಡುತ್ತಿದ್ದಳು. ನೋಡಿದವರು ಯಾರೂ ಇವಳಿಗೆ ಏನೋ ಆಗಿದೆ ಎನ್ನುತ್ತಿರಲಿಲ್ಲ.

ಪಶುವೈದ್ಯೆ ಬಂದವರೇ ಮೊದಲು ಮಾಡಿದ ಕೆಲಸ ಆ ಟವೆಲ್ ಎಳೆದು ಹಾಕಿದ್ದು. "ಇದು ಈಗ ಕಂಬಳಿ ಆಗಿದೆ. ಬಿಸಿಯನ್ನು ಒಳಗೇ ಹಿಡಿದಿಟ್ಟಿದೆ" ಎಂದರು. ಆಮೇಲೆ ಥರ್ಮಾಮೀಟರ್ ಹಾಕಿದರು. 40.3 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ನಿಂತ ಆರೋಗ್ಯವಂತ ಕುದುರೆಗೆ 37.5ರಿಂದ 38.5 ಇರಬೇಕು.

ಈ ಬರಹ ಆ ಬೆಳಗಿನ ಬಗ್ಗೆ, ಅದಕ್ಕೆ ಕಾರಣ ಹುಡುಕಿದ್ದರ ಬಗ್ಗೆ, ಆಮೇಲಿನ ಒಂದು ವರ್ಷದ ಬಗ್ಗೆ. ಅರಬ್ಬಿ ಅಲ್ಲದ, ದೊಡ್ಡ ಮೈಯ ಕುದುರೆಯನ್ನು ದೂರದ ಸವಾರಿಗೆ ತಯಾರು ಮಾಡುವವರಿಗೆ ನಾವು ಬರೆದಿಟ್ಟ ಲೆಕ್ಕಗಳಿಂದ ಉಪಯೋಗ ಆಗಬಹುದು.

ಆಟ ಏನು, ಕುದುರೆ ಯಾವುದು

ನಾನು ಹುಟ್ಟಿದ್ದು ಕುಣಿಗಲ್ ಹತ್ತಿರ. ಅಲ್ಲಿನ ಸ್ಟಡ್ ಫಾರಂ ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಕಂಡ ಜಾಗ. ನಮ್ಮ ಕಣ್ಣಿಗೆ ಕುದುರೆ ಅಂದರೆ ಬೇಲಿಯಾಚೆ ಓಡುವ ತೆಳ್ಳನೆಯ ರೇಸ್ ಕುದುರೆ. ಈಗ ನಾನು, ಅಕ್ಕ, ಭಾವ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಲ್ಲಿ. ಎಂಡ್ಯೂರೆನ್ಸ್, ಅಂದರೆ ನಡುನಡುವೆ ವೈದ್ಯರ ತಪಾಸಣೆ ದಾಟುತ್ತಾ ಹೋಗುವ ದೂರದ ಸವಾರಿಗೆ ಇದು ತವರುಮನೆ ಇದ್ದ ಹಾಗೆ. 1955ರಲ್ಲಿ ವೆಂಡೆಲ್ ರೋಬಿ ಎಂಬುವರು ಟಾಹೋ ಸರೋವರದ ಕಡೆಯಿಂದ ಆಬರ್ನ್ ಊರಿನವರೆಗೆ 100 ಮೈಲಿಯನ್ನು ಒಂದೇ ದಿನದಲ್ಲಿ ಕುದುರೆ ಮೇಲೆ ದಾಟಿ ತೋರಿಸಿದರು. ಅದೇ ಇಂದಿನ ಟೆವಿಸ್ ಕಪ್. 24 ಗಂಟೆಯೊಳಗೆ ಮುಗಿಸಬೇಕು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಮುಗಿಸುತ್ತಾರೆ. ರೋಬಿ ಹತ್ತಿದ್ದ ಕುದುರೆ ಬಾಂಡೋಸ್, ಅರಬ್ಬಿ. ಅಂದಿನಿಂದ ಇಂದಿನವರೆಗೆ ಈ ಆಟದ ಮುಂದಿನ ಸಾಲು ಅರಬ್ಬಿಗಳದ್ದೇ.

ಅರಬ್ಬಿ ಕುದುರೆಯ ಬೆಲೆ ಕನ್ನಡ ನಾಡಿಗೆ ಹೊಸದಲ್ಲ. ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ದಾರಿಯಲ್ಲಿ ಸತ್ತ ಕುದುರೆಗೂ ರಾಯರು ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಿಸಿಲಿನಲ್ಲಿ ದೂರ ಹೋಗುವ ಪ್ರಾಣಿಗೆ ಯಾವ ಬೆಲೆ ಕೊಡಬೇಕೆಂದು ಅವರಿಗೆ ಗೊತ್ತಿತ್ತು.

ಆದರೆ ಎಂಡ್ಯೂರೆನ್ಸ್‌ನಲ್ಲಿ ತಳಿಗೆ ಬೇಲಿ ಇಲ್ಲ. ಅಮೆರಿಕದಲ್ಲಿ ಇದನ್ನು ನಡೆಸುವ ಎ.ಇ.ಆರ್.ಸಿ. (ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್) ಸಂಸ್ಥೆ 1972ರಲ್ಲಿ ಶುರುವಾಯಿತು. ಅದರ ಸವಾರಿಗಳಲ್ಲಿ ಮಾರ್ಗನ್, ಮಸ್ಟಾಂಗ್, ಫಿಯೋರ್ಡ್, ಹಾಫ್ಲಿಂಗರ್ ಎಲ್ಲ ಬರುತ್ತವೆ, ಹೇಸರಗತ್ತೆಯೂ ಬರುತ್ತದೆ. 50 ಮೈಲಿ, ಅಂದರೆ 80 ಕಿ.ಮೀ.ಗೆ 12 ಗಂಟೆ ಸಮಯ, ನಡುವಿನ ಕಡ್ಡಾಯ ವಿಶ್ರಾಂತಿಯೂ ಸೇರಿ. "ಮುಗಿಸಿದರೆ ಗೆದ್ದಂತೆ" ಅನ್ನುವುದು ಅವರ ಘೋಷವಾಕ್ಯ. ಕೊನೆಯವನಾಗಿ ಬಂದರೂ, ಕುದುರೆ ಮುಂದೆ ಹೋಗಲು ಗಟ್ಟಿಯಾಗಿದೆ ಎಂದು ವೈದ್ಯರು ಒಪ್ಪಿದರೆ, ಮುಗಿಸಿದ ಲೆಕ್ಕಕ್ಕೆ ಸೇರುತ್ತದೆ.

ಗೌರಿಯ ತಾಯಿ ಕ್ವಾರ್ಟರ್ ಹಾರ್ಸ್, ತಂದೆ ಪರ್ಶರಾನ್. ಬಿಳಿ ಬೂದು ಬಣ್ಣ. ಅಕ್ಕ ನೋಡಿದ ತಕ್ಷಣ "ಗೌರಿ" ಅಂದಳು, ಅದೇ ಉಳಿಯಿತು. ಆಗ ಒಂಬತ್ತು ವರ್ಷ. ಎದೆಯ ಸುತ್ತಳತೆ 205 ಸೆಂಟಿಮೀಟರ್. ಎದೆಯ ಮುಂಭಾಗದಿಂದ ಹಿಂಭಾಗದ ಮೂಳೆಯ ತುದಿವರೆಗೆ ಉದ್ದ 175. ತಕ್ಕಡಿ ಇಲ್ಲದವರು ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕೆ.ಜಿ.ಯಲ್ಲಿ ಹತ್ತಿರಹತ್ತಿರ ಸಿಗುತ್ತದೆ. ಗೌರಿಗೆ ಬಂದದ್ದು 619.

ಪರ್ಶರಾನ್ ಅಂದ ತಕ್ಷಣ ಜನ ನೇಗಿಲು, ಮರದ ದಿಮ್ಮಿ ನೆನೆಸಿಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಫ್ರಾನ್ಸಿನ ಪರ್ಶ್ ಸೀಮೆಯ ಈ ಕುದುರೆ ಪ್ರಯಾಣಿಕರ ಗಾಡಿಗಳನ್ನು, ಪ್ಯಾರಿಸ್ಸಿನ ಓಮ್ನಿಬಸ್‌ಗಳನ್ನು ಎಳೆದದ್ದು. ಭಾರ ಎಳೆಯುತ್ತಲೇ ಕುಕ್ಕುಲೋಟದಲ್ಲಿ, ಅಂದರೆ ಟ್ರಾಟ್‌ನಲ್ಲಿ, ಸಾಗುವ ಅಭ್ಯಾಸ ಈ ತಳಿಯ ರಕ್ತದಲ್ಲಿದೆ. ಗೌರಿಯ ಟ್ರಾಟ್ ನೋಡಿದವರಿಗೆ ಇದು ಗೊತ್ತಾಗುತ್ತದೆ. ಉದ್ದ ಹೆಜ್ಜೆ, ನೆಲ ಕಿತ್ತುಕೊಂಡು ಹೋಗುವ ಹಾಗೆ. ನಾವು ಅದನ್ನೇ ನೋಡಿ ನಂಬಿದೆವು.

ನಾವು ಇಟ್ಟುಕೊಂಡಿದ್ದ ತಪ್ಪು ಲೆಕ್ಕ

ಜೀನು ಸೇರಿ ನನ್ನ ತೂಕ 102 ಕೆ.ಜಿ. ಎ.ಇ.ಆರ್.ಸಿ. ಲೆಕ್ಕದಲ್ಲಿ ಭಾರಿ ಸವಾರರ ವಿಭಾಗ. 211 ಪೌಂಡಿನಿಂದ, ಅಂದರೆ ಸುಮಾರು 96 ಕೆ.ಜಿ.ಯಿಂದ ಅದು ಶುರು. ಗೌರಿಯ ತೂಕಕ್ಕೆ ನನ್ನ ಭಾರ 16.5 ಶೇಕಡ. 420 ಕೆ.ಜಿ.ಯ ಅರಬ್ಬಿ ಹತ್ತಿದ್ದರೆ 24 ಶೇಕಡ ಆಗುತ್ತಿತ್ತು. ದೊಡ್ಡ ಸವಾರನಿಗೆ ದೊಡ್ಡ ಕುದುರೆ, ಸರಿ ಅಲ್ವಾ? ಕುದುರೆ ಕೊಳ್ಳುವಾಗ ನನಗೆ ಎಲ್ಲರೂ ಹೇಳಿದ್ದು ಇದೇ. ನಾನೂ ಬೇರೆಯವರಿಗೆ ಹೇಳಿದ್ದೆ.

ಈಗ ಆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡುತ್ತೇನೆ. ಒಂದು ಏರು ಹತ್ತುವಾಗ ಮೇಲೇರಬೇಕಾದದ್ದು ಬರೀ ಸವಾರನಲ್ಲ, ಕುದುರೆಯ ಮೈಯೂ ಹೌದು. ಗೌರಿ ಮತ್ತು ನಾನು ಸೇರಿ 721 ಕೆ.ಜಿ. ಅದೇ ಅರಬ್ಬಿ ಮತ್ತು ನಾನು ಸೇರಿ 522. ಅದೇ ಏರಿಗೆ ಗೌರಿಯ ಸ್ನಾಯುಗಳು ಸುಮಾರು 38 ಶೇಕಡ ಜಾಸ್ತಿ ಕೆಲಸ ಮಾಡಬೇಕು. ಬೆನ್ನಿಗೆ ಭಾರ ಕಡಿಮೆ ಅನ್ನಿಸುವುದು ನಿಜ. ಒಳಗಿನ ಒಲೆಗೆ ಮಾತ್ರ ಸೌದೆ ಜಾಸ್ತಿ.

ಅರಬ್ಬಿಗಳು ಚಿಕ್ಕ ಮೈಯಲ್ಲಿ ಭಾರ ಹೊತ್ತು ದೂರ ಹೋಗಬಲ್ಲವು ಎನ್ನುವುದಕ್ಕೆ ಹಳೆಯ ಸಾಕ್ಷಿಯೂ ಇದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದ ಅಶ್ವದಳಕ್ಕೆ ಕುದುರೆ ಆರಿಸಲು ಐದು ದಿನಗಳ, ಸುಮಾರು 300 ಮೈಲಿಯ ಪರೀಕ್ಷಾ ಸವಾರಿಗಳು ನಡೆದವು. 1921ರಲ್ಲಿ ಕ್ರ್ಯಾಬೆಟ್ ಎಂಬ ಅರಬ್ಬಿ ಗೆದ್ದದ್ದು 245 ಪೌಂಡ್, ಅಂದರೆ 111 ಕೆ.ಜಿ. ಹೊತ್ತು. 1990ರ ದಶಕದಲ್ಲಿ ಟೆವಿಸ್ ಕುದುರೆಗಳನ್ನು ಅಳೆದು ನೋಡಿದಾಗಲೂ ಸವಾರನ ತೂಕಕ್ಕಿಂತ ಕುದುರೆಯ ಮೈಕಟ್ಟು ಜಾಸ್ತಿ ಮುಖ್ಯವಾಗಿ ಕಂಡಿತು. ತೀರ ಬಡಕಲಾದ ಕುದುರೆಗಳು ದಾರಿಯಲ್ಲೇ ಉಳಿದವು.

ಇದರ ಅರ್ಥ ಗೌರಿಯನ್ನು ಮನೆಯಲ್ಲಿ ಕಟ್ಟಿಹಾಕಬೇಕು ಅಂತಲ್ಲ. ನಾನು ಅವಳನ್ನು ಪ್ರೀತಿಸುತ್ತೇನೆ, ಅವಳು ಬೆಟ್ಟದ ದಾರಿಯನ್ನು ಪ್ರೀತಿಸುತ್ತಾಳೆ. ಟ್ರೈಲರ್ ಬಾಗಿಲು ತೆಗೆದರೆ ತಾನೇ ಹತ್ತುತ್ತಾಳೆ. ಪ್ರಶ್ನೆ ಇದ್ದದ್ದು ಒಂದೇ: 27 ಕಿ.ಮೀ.ಗೆ ಅವಳ ನಾಡಿ ಇಳಿಯಲಿಲ್ಲ, ಯಾಕೆ?

ಮೂರು ಅನುಮಾನ

ಮೊದಲನೆಯದು ನೋವು. ಎಲ್ಲೋ ನೋವಿದ್ದರೂ ನಾಡಿ ಇಳಿಯುವುದಿಲ್ಲ. ವೈದ್ಯೆ ಬೆನ್ನು ಒತ್ತಿ ನೋಡಿದರು, ಗೊರಸು ಎತ್ತಿ ನೋಡಿದರು, ಓಡಿಸಿ ನೋಡಿದರು. ನಡಿಗೆ ಶುದ್ಧ. ಬೆನ್ನಿನಲ್ಲಿ ಜೀನಿನ ಎಡಬದಿಗೆ ಮಾತ್ರ ಸ್ವಲ್ಪ ಕುಗ್ಗಿದಳು. ಅದು ಆಮೇಲೆ ಬರುತ್ತದೆ, ಆ ದಿನದ ಕಾರಣ ಅದಲ್ಲ.

ಎರಡನೆಯದು ಸ್ನಾಯುವಿನ ರೋಗ. ಇದಕ್ಕೆ ನಾನು ನಿಜಕ್ಕೂ ಹೆದರಿದ್ದೆ. ಕೆಲವು ಕುದುರೆಗಳಲ್ಲಿ ಸ್ನಾಯುವಿನೊಳಗೆ ಸಕ್ಕರೆಯ ಶೇಖರಣೆ ಹದ ತಪ್ಪಿರುತ್ತದೆ. ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ಹಿಂಭಾಗದ ಸ್ನಾಯು ಕಲ್ಲಾಗಿ, ಕುದುರೆ ನಿಂತಲ್ಲೇ ನಿಲ್ಲುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಕಾರಣವಾದ ವಂಶವಾಹಿ (ಜೀನ್) ದೋಷವನ್ನು 2008ರಲ್ಲಿ ಗುರುತಿಸಿದರು. ಅದು ಕ್ವಾರ್ಟರ್ ಹಾರ್ಸ್‌ಗಳಲ್ಲಿ ಇದೆ, ಪರ್ಶರಾನ್‌ನಂಥ ಭಾರಿ ತಳಿಗಳಲ್ಲಿ ಇನ್ನೂ ಜಾಸ್ತಿ. ಗೌರಿಗೆ ಎರಡೂ ಕಡೆಯ ರಕ್ತ. ಬೇರು ಸಮೇತ ಜೂಲಿನ ಕೂದಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದೆವು, ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ವಂಶವಾಹಿ ದೋಷ ಇಲ್ಲ, ಸ್ನಾಯು ಹಾನಿಯ ಗುರುತೂ ಇಲ್ಲ. ಭಾರಿ ತಳಿಯ ಕುದುರೆಯನ್ನು ಈ ಆಟಕ್ಕೆ ಇಳಿಸುವವರು ಈ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಬೇಕು. ನಾವು ಮಾಡಿಸಿದ್ದು ಆದ ಮೇಲೆ.

ಉಳಿದದ್ದು ಬಿಸಿ.

ಮುದ್ದೆಯ ಲೆಕ್ಕ

ಸ್ನಾಯು ಸುಡುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವೂ ಓಟಕ್ಕೆ ಸಿಗುವುದು ಕಷ್ಟ. ಉಳಿದದ್ದೆಲ್ಲ ಬಿಸಿಯಾಗಿ ಮೈಯಲ್ಲಿ ಕೂರುತ್ತದೆ. ಆ ಬಿಸಿ ಹೊರಗೆ ಹೋಗಬೇಕಾದದ್ದು ಮುಖ್ಯವಾಗಿ ಚರ್ಮದ ಮೂಲಕ, ಬೆವರು ಆರಿ. ಸ್ವಲ್ಪ ಉಸಿರಿನ ಮೂಲಕ.

ಮನೆಯಲ್ಲಿ ಅಕ್ಕ ಇದನ್ನು ನನಗಿಂತ ಬೇಗ ಹಿಡಿದಳು. "ಮುದ್ದೆ ನೋಡಿಲ್ವೇನೋ? ಮಗೂಗೆ ಮಾಡಿದ ಪುಟ್ಟ ಮುದ್ದೆ ತಟ್ಟೆಗೆ ಹಾಕಿದ ಕೂಡಲೇ ಆರುತ್ತೆ. ಅಪ್ಪನ ಮುದ್ದೆ ಅರ್ಧ ಉಂಡ ಮೇಲೂ ಒಳಗೆ ಕೈ ಸುಡುತ್ತೆ" ಎಂದಳು.

ಲೆಕ್ಕ ಅಷ್ಟೇ. ಗೌರಿ ಆ 420 ಕೆ.ಜಿ. ಅರಬ್ಬಿಗಿಂತ ಸುಮಾರು ಒಂದೂವರೆ ಪಟ್ಟು ತೂಕ. ಆದರೆ ಅವಳ ಚರ್ಮದ ಅಗಲ ಒಂದೂವರೆ ಪಟ್ಟು ಅಲ್ಲ, ಸುಮಾರು 1.3 ಪಟ್ಟು. ಪ್ರತಿ ಕಿಲೋ ಮೈಗೆ ಅವಳಿಗೆ 12 ಶೇಕಡದಷ್ಟು ಚರ್ಮ ಕಡಿಮೆ. ಅದರ ಮೇಲೆ ದಪ್ಪ ತೊಗಲು. ತೊಗಲಿನ ಕೆಳಗೆ ಕೊಬ್ಬು. ಕತ್ತಿನ ಎರಡೂ ಕಡೆ ಬೀಳುವ ದಟ್ಟ ಜೂಲು. ಚಳಿಗಾಲದ ಕೂದಲು ಮೇ ತಿಂಗಳಲ್ಲೂ ಹೊಟ್ಟೆಯ ಕೆಳಗೆ ಪೂರ್ತಿ ಉದುರಿರಲಿಲ್ಲ. ಸ್ನಾಯುವಿನ ಗುಣವೂ ಬೇರೆ. ಅರಬ್ಬಿಯಲ್ಲಿ ನಿಧಾನವಾಗಿ, ಆಮ್ಲಜನಕ ಬಳಸಿ ಬಹಳ ಹೊತ್ತು ದುಡಿಯುವ ಎಳೆಗಳು ಜಾಸ್ತಿ. ಕ್ವಾರ್ಟರ್ ಹಾರ್ಸ್ ಹೆಸರು ಬಂದದ್ದೇ ಕಾಲು ಮೈಲಿ ಓಟದಿಂದ. ಅದರ ಸ್ನಾಯು ಥಟ್ಟನೆ ಶಕ್ತಿ ಉಗುಳುವ ಜಾತಿಯದ್ದು.

ಆ ಬೆಳಗ್ಗೆ ನಾನು ಮಾಡಿದ್ದೇನು? ಗುಂಪಿನ ಜೊತೆಗೇ ಹೊರಟೆ. ಗೌರಿ ಉತ್ಸಾಹದಲ್ಲಿ ಲಗಾಮು ಎಳೆದಳು, ನಾನು ಬಿಟ್ಟೆ. 27 ಕಿ.ಮೀ.ಯನ್ನು 2 ಗಂಟೆ 24 ನಿಮಿಷದಲ್ಲಿ ಮುಗಿಸಿದೆವು, ಗಂಟೆಗೆ 11 ಕಿ.ಮೀ. ಮೇಲೆ. ಹೊರಡುವಾಗ 10 ಡಿಗ್ರಿ ಚಳಿ ಇತ್ತು, ಅದೇ ನನಗೆ ಮೋಸ ಮಾಡಿತು. ದಾರಿಯಲ್ಲಿ ಎರಡು ಕಡೆ ನೀರಿತ್ತು. ಅವಳು ಮುಟ್ಟಲಿಲ್ಲ. ನಾನು ಕಾಯಲಿಲ್ಲ.

ಈ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಯ ಬೆವರು ನಮ್ಮದರ ಹಾಗಲ್ಲ, ಅದರಲ್ಲಿ ಉಪ್ಪು ತುಂಬಾ ಜಾಸ್ತಿ. ನಮಗೆ ಬೆವರಿದಾಗ ನೀರು ಜಾಸ್ತಿ ಹೋಗಿ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ಬಾಯಾರುತ್ತದೆ. ಕುದುರೆಗೆ ನೀರಿನ ಜೊತೆ ಉಪ್ಪೂ ಹೋಗುವುದರಿಂದ ಮೆದುಳಿಗೆ ಬಾಯಾರಿಕೆಯ ಸುದ್ದಿ ತಡವಾಗಿ ತಲುಪುತ್ತದೆ. ಬಿಸಿಲಲ್ಲಿ ಜೋರು ಕೆಲಸ ಮಾಡಿದರೆ ಗಂಟೆಗೆ 10ರಿಂದ 15 ಲೀಟರ್ ಬೆವರು ಹೋಗಬಹುದು. ಹಾಗೆ ಒಣಗಿದ ಮೈಯಲ್ಲಿ ರಕ್ತ ಗಟ್ಟಿಯಾಗುತ್ತದೆ, ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಬಿಸಿ ಒಳಗೇ ಉಳಿಯುತ್ತದೆ, ಹೃದಯ ಇನ್ನೂ ಜೋರಾಗಿ ಬಡಿಯುತ್ತದೆ. ಹಾಗಂತ ನೀರು ಕುಡಿಯದ ಕುದುರೆಯ ಬಾಯಿಗೆ ಬರೀ ಉಪ್ಪಿನ ಮಿಶ್ರಣ ತುಂಬಿದರೆ ಕರುಳು ಮೈಯ ನೀರನ್ನೇ ಎಳೆದುಕೊಳ್ಳುತ್ತದೆ. ಕುಡಿದ ಮೇಲೆ ಉಪ್ಪು, ಇದೇ ಕ್ರಮ.

ನಾವು ತಣಿಸಿದ ರೀತಿಯೂ ತಪ್ಪಾಗಿತ್ತು. ದೊಡ್ಡ ಸ್ನಾಯುಗಳ ಮೇಲೆ ತಣ್ಣೀರು ಬಿದ್ದರೆ ಸೆಟೆದುಕೊಳ್ಳುತ್ತದೆ ಎಂದು ಕೇಳಿ ಹೆದರಿ, ಬರೀ ಕತ್ತಿಗೂ ಕಾಲಿಗೂ ನೀರು ತೋರಿಸಿದೆವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಕುದುರೆಗಳ ಮೇಲೆ ನಡೆದ ಅಧ್ಯಯನಗಳೇ, ಕಾದ ಮೈಗೆ ತಣ್ಣೀರು ಧಾರಾಳವಾಗಿ ಸುರಿಯಬಹುದು ಎಂದು ತೋರಿಸಿದ್ದವು. ವೈದ್ಯೆ ಅಂದು ಮೈ ಪೂರ್ತಿ ನೀರು ಸುರಿಸಿದರು. ಬಕೆಟ್ ಮೇಲೆ ಬಕೆಟ್, ನಿಲ್ಲಿಸದೆ. ಹೊಟ್ಟೆಯ ಕೆಳಗೆ ಕೈ ಹಿಡಿದು "ಇಲ್ಲಿಂದ ಬೀಳುವ ನೀರು ತಣ್ಣಗಾಗುವವರೆಗೆ ಸುರಿಯಿರಿ" ಎಂದರು. ಹದಿನಾಲ್ಕು ಬಕೆಟ್ ಆಯಿತು. ಆಮೇಲೆ ಗೌರಿ ತೊಟ್ಟಿಗೆ ಮೂತಿ ಇಟ್ಟು ಕುಡಿಯಲು ಶುರು ಮಾಡಿದಳು. ಗಂಟಲಿನ ಕೆಳಗೆ ಒಂದೊಂದು ಗುಟುಕು ಉಂಡೆಯಂತೆ ಇಳಿಯುವುದು ಕಾಣುತ್ತಿತ್ತು. ಅಕ್ಕ ಎಣಿಸಿದಳು, ನಲವತ್ತರ ಮೇಲೆ.

ಒಂದು ವರ್ಷದ ಕೆಲಸ

ಮೊದಲು ಮೈ ಇಳಿಸಿದೆವು. ಕುದುರೆಯ ಮೈಕಟ್ಟನ್ನು 1ರಿಂದ 9ರವರೆಗೆ ಅಂಕ ಕೊಟ್ಟು ಅಳೆಯುವ ಹೆನೆಕೆ ಪದ್ಧತಿ 1983ರಿಂದ ಇದೆ. ಗೌರಿ 7ರಲ್ಲಿದ್ದಳು. ಪಕ್ಕೆಲುಬು ಹುಡುಕಲು ಬೆರಳು ಒತ್ತಬೇಕಿತ್ತು, ಬಾಲದ ಬುಡದಲ್ಲಿ ಮೆತ್ತನೆ ಕೊಬ್ಬು. ದೊಡ್ಡ ಕುದುರೆ ಗುಂಡಗಿದ್ದರೆ ಗಟ್ಟಿ ಎಂದು ನಾವು ತಿಳಿದಿದ್ದೆವು. ಧಾನ್ಯ ನಿಲ್ಲಿಸಿ, ಹುಲ್ಲು ತೂಗಿ ಹಾಕಿ, ಆರು ತಿಂಗಳಲ್ಲಿ 5ಕ್ಕೆ ತಂದೆವು. ಸುತ್ತಳತೆ 205ರಿಂದ 199ಕ್ಕೆ ಬಂತು. ಲೆಕ್ಕ ಹಾಕಿದರೆ 583 ಕೆ.ಜಿ. 36 ಕಿಲೋ ಸುಮ್ನೆ ಹೊತ್ತು ತಿರುಗುತ್ತಿದ್ದದ್ದು ಹೋಯಿತು. ನಾನೂ ಏಳು ಕಿಲೋ ಇಳಿದೆ.

ಕತ್ತು, ಎದೆ, ಹೊಟ್ಟೆಯ ಕೂದಲನ್ನು ಮಷೀನಿನಿಂದ ಕತ್ತರಿಸಿದೆವು. ಜೂಲಿಗೆ ಜಡೆ. ಜಡೆ ಅಕ್ಕನ ಕೆಲಸ. ಸವಾರಿಯ ಹಿಂದಿನ ಸಂಜೆ ಮಗಳಿಗೆ ಹೆಣೆದ ಹಾಗೆ ಕತ್ತಿನುದ್ದಕ್ಕೂ ಹೆಣೆಯುತ್ತಾಳೆ, ಗಾಳಿ ಚರ್ಮಕ್ಕೆ ತಾಗುವ ಹಾಗೆ.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಜೀನಿನ ಕೆಳಗೆ ಕಟ್ಟುವ ನಾಡಿ ಮಾಪಕ. ಮಣಿಕಟ್ಟಿನ ಗಡಿಯಾರದಲ್ಲಿ ಬಡಿತ ಕಾಣುತ್ತದೆ. ಗಂಟೆಗೆ 13 ಕಿ.ಮೀ. ಟ್ರಾಟ್‌ನಲ್ಲಿ ಗೌರಿಯ ನಾಡಿ 158. ಅಲ್ಲಿಂದ ಮೇಲೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಲು ಶುರು. 10 ಕಿ.ಮೀ.ಗೆ ಇಳಿಸಿದರೆ 132. ಬರೀ 3 ಕಿ.ಮೀ. ವೇಗಕ್ಕೆ ಇಷ್ಟು ವ್ಯತ್ಯಾಸ! ಅವಳ ಉಸಿರು, ಕಿವಿ, ಉತ್ಸಾಹ ಎರಡರಲ್ಲೂ ಒಂದೇ ಥರ. ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. 140 ದಾಟಿದರೆ ನಡಿಗೆ ಎಂದು ಕಟ್ಟುನಿಟ್ಟು ಮಾಡಿಕೊಂಡೆವು. ಏರಿನಲ್ಲಿ ನಾನು ಇಳಿದು, ಅವಳ ಬಾಲ ಹಿಡಿದು ಹಿಂದೆ ನಡೆಯುವುದನ್ನು ಕಲಿತೆವು. ಅವಳು ಅರ್ಧ ದಿನದಲ್ಲಿ ಕಲಿತಳು. ನನ್ನ ಕಾಲಿಗೆ ಎರಡು ತಿಂಗಳು ಬೇಕಾಯಿತು. ಕಡಿದಾದ ಇಳಿಜಾರಿನಲ್ಲೂ ಇಳಿದು ಜೊತೆಗೆ ಓಡುತ್ತೇನೆ. ಭಾರಿ ಮೈ ಇಳಿಜಾರಿನಲ್ಲಿ ಮುಂಗಾಲುಗಳ ಮೇಲೆ ಬೀಳುತ್ತದೆ. ಹೃದಯ, ಶ್ವಾಸಕೋಶ ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತವೆ. ಸ್ನಾಯುರಜ್ಜು, ಮೂಳೆಗೆ ವರ್ಷಕ್ಕಿಂತ ಜಾಸ್ತಿ ಬೇಕು. ಉಸಿರು ಚೆನ್ನಾಗಿದೆ ಎಂದು ಕಾಲನ್ನು ಮರೆತರೆ ಕುದುರೆ ಹಾಳಾಗುತ್ತದೆ.

ಜೀನಿನ ವಿಷಯ ಚುಟುಕಾಗಿ. ಗೌರಿಯ ಬೆನ್ನು ಚಪ್ಪಟೆ, ಮೇಜಿನ ಹಾಗೆ. ಹಳೆಯ ಜೀನು ಕಿರಿದಾಗಿ ಎಡಕ್ಕೆ ಜಾರುತ್ತಿತ್ತು, ಆ ಕುಗ್ಗುವಿಕೆಗೆ ಅದೇ ಕಾರಣ. ಅಗಲದ ಜೀನು ತಂದೆವು. ಮೈ ಇಳಿದ ಮೇಲೆ ಅದನ್ನೂ ಮತ್ತೆ ಹೊಂದಿಸಬೇಕಾಯಿತು.

ಆ ಶರತ್ಕಾಲದಲ್ಲಿ 25 ಮೈಲಿಯ ಮೂರು ಸವಾರಿ ಮಾಡಿದೆವು. ಈ ಕಡಿಮೆ ದೂರದ ಸವಾರಿಯ ನಿಯಮ ಗೌರಿಯಂಥ ಕುದುರೆಗೆ ಒಳ್ಳೆಯ ಗುರು. 50 ಮೈಲಿಯಲ್ಲಿ ಗೆರೆ ದಾಟಿದ ಹೊತ್ತೇ ಮುಗಿಸಿದ ಹೊತ್ತು. 25 ಮೈಲಿಯಲ್ಲಿ ಹಾಗಲ್ಲ, ನಾಡಿ ಇಳಿದ ಹೊತ್ತು ಮುಗಿಸಿದ ಹೊತ್ತು. ಕೊನೆಯ ಕಿಲೋಮೀಟರ್ ಓಡಿಸಿ ಐದು ನಿಮಿಷ ಉಳಿಸಿದರೆ, ನಾಡಿ ಇಳಿಯಲು ಹದಿನೈದು ನಿಮಿಷ ಕಳೆಯುತ್ತಿದ್ದೆ. ಎರಡನೇ ಸವಾರಿಯಲ್ಲಿ ಕೊನೆಯ 800 ಮೀಟರ್ ಇಳಿದು, ಜೀನಿನ ಪಟ್ಟಿ ಎರಡು ತೂತು ಸಡಿಲಿಸಿ ನಡೆಸಿಕೊಂಡು ಬಂದೆ. ಗೆರೆಯಲ್ಲೇ 64. ಮೂರು ನಿಮಿಷಕ್ಕೆ 60.

ಏಪ್ರಿಲ್

50 ಮೈಲಿಗೆ ಮತ್ತೆ ಇಳಿದದ್ದು ಮುಂದಿನ ಏಪ್ರಿಲ್‌ನಲ್ಲಿ. ಹಗಲಿನಲ್ಲೂ 18 ಡಿಗ್ರಿ ದಾಟದ ದಿನ. ಗುಂಪು ಹೊರಟು ಹತ್ತು ನಿಮಿಷ ಆದ ಮೇಲೆ ಹೊರಟೆವು. ಗಡಿಯಾರ ನಮಗಾಗಿ ಕಾಯುವುದಿಲ್ಲ, ಆ ಹತ್ತು ನಿಮಿಷ ನಮ್ಮ ಲೆಕ್ಕಕ್ಕೇ. ಆದರೆ ಮುಂದೆ ಓಡುವ ಬಾಲಗಳು ಕಾಣದಿದ್ದರೆ ಗೌರಿ ತನ್ನ ಪಾಡಿಗೆ ತಾನು ಹೋಗುತ್ತಾಳೆ.

12 ಗಂಟೆಯಲ್ಲಿ ಒಂದೂವರೆ ಗಂಟೆ ವಿಶ್ರಾಂತಿಗೆ ಹೋಯಿತು. ಉಳಿದ ಹತ್ತೂವರೆ ಗಂಟೆಗೆ 80 ಕಿ.ಮೀ., ಅಂದರೆ ಗಂಟೆಗೆ 7.6. ಗೌರಿಯ ಬಿರುಸು ನಡಿಗೆಯೇ 6.5. ಅವಳು ಓಡುವ ಅಗತ್ಯ ನಾನು ಭಯಪಟ್ಟಷ್ಟು ಇರಲಿಲ್ಲ. ಸಮ ನೆಲದಲ್ಲಿ 10ರ ಟ್ರಾಟ್, ಏರಿನಲ್ಲಿ ನಡಿಗೆ, ಸಿಕ್ಕ ಪ್ರತಿ ಹಳ್ಳದಲ್ಲಿ ನಿಂತು ನೀರು. ಅವಳು ಕುಡಿಯದಿದ್ದರೆ ನಾನು ಹೊಟ್ಟೆಗೂ ಎದೆಗೂ ಸ್ಪಂಜಿನಿಂದ ನೀರು ಹಾಕುತ್ತಾ ಕಾಯುತ್ತಿದ್ದೆ. 14ನೇ ಕಿ.ಮೀ.ಯಲ್ಲಿ ಮೊದಲ ಸಲ ಕುಡಿದಳು.

ಮೊದಲ ತಪಾಸಣೆಯಲ್ಲಿ 60ಕ್ಕೆ ಇಳಿದದ್ದು ನಾಲ್ಕು ನಿಮಿಷಕ್ಕೆ. ಎರಡನೆಯದರಲ್ಲಿ ಆರು. ಮುಗಿಸಿದಾಗ ಒಂಬತ್ತು. ಒಟ್ಟು 11 ಗಂಟೆ 21 ನಿಮಿಷ. ಎಲ್ಲರಿಗಿಂತ ಕೊನೆಗೆ ಬಂದವರು ನಾವೇ. ಈ ಆಟದಲ್ಲಿ ಕೊನೆಯವರಿಗೆ ಆಮೆ ಪ್ರಶಸ್ತಿ ಅಂತ ಒಂದು ಕೊಡುತ್ತಾರೆ. ಅಂಗೈಯಷ್ಟು ದೊಡ್ಡ ಪಿಂಗಾಣಿ ಆಮೆ. ಅಕ್ಕ ಅದನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದಾಳೆ.

ಮತ್ತೆ ಮೇ

ಮೇ ತಿಂಗಳಲ್ಲಿ ಅದೇ ಹಳೆಯ ಸವಾರಿಗೆ, ಅದೇ ದಾರಿಗೆ ಹೋದೆವು. ಮೊದಲ ತಪಾಸಣೆಯಲ್ಲಿ ಐದು ನಿಮಿಷಕ್ಕೆ 60. ಹೋದ ವರ್ಷ ಟವೆಲ್ ಎಳೆದಿದ್ದ ವೈದ್ಯೆಯೇ ಇದ್ದರು. "ಇದು ಅದೇ ಕುದುರೆಯಾ?" ಎಂದು ಕೇಳಿ ಅವಳ ಹಣೆ ಸವರಿದರು. ನನಗೆ ಗಂಟಲು ಕಟ್ಟಿತು.

ಆದರೆ ಮಧ್ಯಾಹ್ನಕ್ಕೆ ಬಿಸಿಲು 31 ಡಿಗ್ರಿಗೆ ಏರಿತು. 54ನೇ ಕಿ.ಮೀ.ಯ ಎರಡನೇ ತಪಾಸಣೆಗೆ ಬರುವ ಹೊತ್ತಿಗೆ ಗಾಳಿ ನಿಂತಿತ್ತು. ನಾಡಿ ಇಳಿಯಲು 17 ನಿಮಿಷ ಬೇಕಾಯಿತು. ನಿಯಮದ ಪ್ರಕಾರ ಪಾಸ್. ಆಮೇಲೆ ಓಟದ ಪರೀಕ್ಷೆ. 125 ಅಡಿ ಹೋಗಿ 125 ಅಡಿ ವಾಪಸ್ ಕುದುರೆಯನ್ನು ಟ್ರಾಟ್‌ನಲ್ಲಿ ಓಡಿಸುತ್ತಾರೆ. ಓಟ ಶುರುವಾಗಿ ಒಂದು ನಿಮಿಷಕ್ಕೆ ಮತ್ತೆ ನಾಡಿ ನೋಡುತ್ತಾರೆ. ಸುಧಾರಿಸಿಕೊಂಡ ಕುದುರೆಯಲ್ಲಿ ಎರಡನೇ ಸಂಖ್ಯೆ ಮೊದಲಿನಷ್ಟೇ ಇರುತ್ತದೆ, ಇಲ್ಲವೇ ಕಡಿಮೆ. ಗೌರಿಗೆ 60, ಆಮೇಲೆ 68.

ವೈದ್ಯೆ ಹೊಟ್ಟೆಯ ನಾಲ್ಕೂ ಕಡೆ ಕಿವಿಗೊಟ್ಟರು. ಬಲಗಡೆ ಮೇಲೆ ಕರುಳಿನ ಸದ್ದು ಕಡಿಮೆ ಇತ್ತು. ತುಟಿ ಎತ್ತಿ ವಸಡು ಒತ್ತಿ ಬಿಟ್ಟರು. ಬಿಳಿಚಿದ ಗುರುತು ಮತ್ತೆ ಕೆಂಪಾಗಲು ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. "ವಿಶ್ರಾಂತಿ ಆದ ಮೇಲೆ ಇನ್ನೊಮ್ಮೆ ಕರೆದುಕೊಂಡು ಬನ್ನಿ. ನಾನು ತಡೆಯುತ್ತೇನೆ ಅಂತ ಹೇಳುತ್ತಿಲ್ಲ. ನಿಮಗೆ ಈ ಕುದುರೆ ನನಗಿಂತ ಚೆನ್ನಾಗಿ ಗೊತ್ತು" ಎಂದರು.

ಕೈಯಲ್ಲಿ ನಾಲ್ಕೂವರೆ ಗಂಟೆ ಇತ್ತು. ಉಳಿದದ್ದು 26 ಕಿ.ಮೀ. ಗೌರಿಯ ನಡಿಗೆಯಲ್ಲೇ ಮುಗಿಯುವ ದೂರ. ಮುಂದಿನ ಭಾಗದಲ್ಲಿ ನೆರಳಿಲ್ಲದ ಒಂದು ದೊಡ್ಡ ಏರು ಇತ್ತು, ಅದಕ್ಕೆ ತಲುಪುವುದು ಮೂರು ಗಂಟೆಯ ಬಿಸಿಲಿಗೆ. ನಾನು ಅಕ್ಕನ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ, ಗೌರಿಯ ಕಿವಿಯ ಬುಡಕ್ಕೆ ಕೈ ಇಟ್ಟು ನಿಂತಿದ್ದಳು. ನೆನೆಸಿದ ಬೀಟ್ ತಿರುಳಿನ ಬಕೆಟ್ ಮುಂದಿತ್ತು. ಗೌರಿ ಎರಡು ಬಾಯಿ ತಿಂದು, ತಲೆ ಎತ್ತಿ, ದೂರಕ್ಕೆ ನೋಡುತ್ತಾ ನಿಂತಳು. ಊಟದ ಬಕೆಟ್ಟಿನಿಂದ ಅವಳು ತಾನಾಗಿ ತಲೆ ಎತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ತಪಾಸಣೆಯ ಕಾರ್ಡ್ ತೆಗೆದುಕೊಂಡು ಹೋಗಿ ಹಿಂದೆ ಸರಿಯುತ್ತೇವೆ ಎಂದು ಬರೆಸಿದೆ.

ಈಗ ಗೌರಿಯ ವರ್ಷ ಹೀಗಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಮತ್ತೆ ಅಕ್ಟೋಬರ್, ನವೆಂಬರ್‌ನಲ್ಲಿ 50 ಮೈಲಿ. ಮೇ ತಿಂಗಳಲ್ಲಿ 25 ಮಾತ್ರ, ಅದೂ ಬೆಳಗ್ಗೆ 11ರೊಳಗೆ ಮುಗಿಯುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್ ಸ್ಪರ್ಧೆ ಇಲ್ಲ; ಬೆಳಗಿನ ಜಾವ ನದಿಯ ದಡದಲ್ಲಿ ನಡಿಗೆ. ಜುಲೈ, ಆಗಸ್ಟ್‌ನ ಬಿಸಿಯಲ್ಲಿ ಕಣಿವೆ ಇಳಿದು ಹತ್ತುವ ಟೆವಿಸ್ ಅವಳಿಗಲ್ಲ, ಆ ಆಸೆ ಬಿಟ್ಟೆ. ಬಿಡುವಾಗ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಏಪ್ರಿಲ್‌ನ ತಂಪಿನಲ್ಲಿ ಅವಳ ಕೆಳಗೆ ನೆಲ ಉರುಳುವುದನ್ನು ಅನುಭವಿಸಿದವನಿಗೆ ಆ ಬೇಜಾರು ಬಹಳ ದಿನ ನಿಲ್ಲುವುದಿಲ್ಲ.

ಆ ಮೇ ರಾತ್ರಿ ಕ್ಯಾಂಪಿನಲ್ಲಿ ಅಕ್ಕ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬರೆದ ಸಾಲುಗಳು ನೋಟ್‌ಬುಕ್ಕಿನಲ್ಲಿ ಇವೆ: "6:30, ನಾಡಿ 48, ಎರಡು ಬಕೆಟ್ ಕುಡಿದಳು. 7:15, ಮೂತ್ರ ತಿಳಿ ಹಳದಿ. 8:00, ಬೀಟ್ ಪೂರ್ತಿ ಖಾಲಿ. 9:30, ನಾಡಿ 36, ಬಲಗಡೆ ಕರುಳು ಗುಡುಗುಡು. ಮಲಗಿದ್ದಾಳೆ."

ಪುಟದ ಅಂಚಿಗೆ ಮೊದಲ ವರ್ಷದ 40.3ನ್ನು ಅವಳು ಕೆಂಪು ಶಾಯಿಯಲ್ಲಿ ಮತ್ತೆ ಬರೆದು, ಅದರ ಕೆಳಗೆ ಈ ಸಲ ಎರಡನೇ ತಪಾಸಣೆಯ ಮೈಬಿಸಿ ಬರೆದಿದ್ದಾಳೆ: 39.2.